ಎಡಬಾಗಿಲಿನ ರಬ್ಬರು

ಅಥವಾ ಆ ಕಾರು ಬಿಳಿಯದೇ ಅಲ್ಲವೇನೋ. ಬಿಳಿ ಎಂದು ಬರೆಯಲು ಹೋದಾಗ ಕೈ ತಡೆಯಿತು. ಘಾಟಿ ಸುಬ್ರಹ್ಮಣ್ಯದಲ್ಲಿ ಆ ಬೆಳಿಗ್ಗೆ ಪೂಜೆಗೆ ನಿಂತಿದ್ದ ಹೊಸ ಕಾರುಗಳಲ್ಲಿ ಹೆಚ್ಚಿನವು ಬಿಳಿಯವು, ಹಾಗಾಗಿ ನೆನಪು ಕೈಗೆ ಸಿಕ್ಕ ಬಣ್ಣವನ್ನೇ ಬಳಿದುಕೊಂಡಿರಬಹುದು. ಬಣ್ಣ ಹೋಗಲಿ. ನನಗೆ ಬೇಕಿರುವುದು ಬಾಗಿಲು. ಮಂಗ ಕಿತ್ತದ್ದು ಎಡಬಾಗಿಲಿನ ರಬ್ಬರನ್ನೋ, ಬಲಬಾಗಿಲಿನದನ್ನೋ? ಎಡದ್ದಾಗಿದ್ದರೆ ಅಮ್ಮ ಅಂದು ಹೇಳಿದ್ದು ನಿಜವಾಗಿರಬಹುದು. ಬಲದ್ದಾಗಿದ್ದರೆ ಸಾಧ್ಯವೇ ಇಲ್ಲ.

ಅಮ್ಮ ದೊಡ್ಡಬಳ್ಳಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕಾರಿನ ಬಾಗಿಲಿನ ಸುತ್ತ ಕೂರಿಸುವ ರಬ್ಬರು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಮೆಕ್ಯಾನಿಕ್‌ಗಳು ಅದನ್ನು ಬೀಡಿಂಗ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಬರೀ ರಬ್ಬರು. ಎರಡು ಪಟ್ಟಿಗಳನ್ನು ಅಚ್ಚಿನಲ್ಲಿಟ್ಟು ಬಿಸಿಯಲ್ಲಿ ಬೆಸೆದರೆ ಬಾಗಿಲಿನ ಮೇಲಿನ ಮೂಲೆ ತಯಾರಾಗುತ್ತಿತ್ತು. ಅದರ ಅಂಚಿಗೆ ಉಳಿದ ಚೂರುಗಳನ್ನು ಸಣ್ಣ ಕತ್ತರಿಯಲ್ಲಿ ತೆಗೆದು, ಹೆಬ್ಬೆರಳು ಆಡಿಸಿ, ಸರಿಯಿದ್ದರೆ ಟ್ರೇಗೆ ಹಾಕುವುದು ಅವಳ ಕೆಲಸ. ಅವಳ ಮೇಜಿಗೆ ಬರುತ್ತಿದ್ದವು ಎಡಬಾಗಿಲಿನ ಮೂಲೆಗಳು ಮಾತ್ರ. ಬಲಗಡೆಯವು ಬೇರೆ ಮೇಜಿಗೆ ಹೋಗುತ್ತಿದ್ದವು. ಎಷ್ಟು ತಿಕ್ಕಿ ತೊಳೆದರೂ ಆ ಹೆಬ್ಬೆರಳಿನ ರಬ್ಬರ್ ವಾಸನೆ ಹೋಗುತ್ತಿರಲಿಲ್ಲ. ನನ್ನ ಹಣೆಗೆ ಅವಳು ಇಡುತ್ತಿದ್ದ ಕುಂಕುಮಕ್ಕೂ ಅದೇ ವಾಸನೆ. ಈಗಲೂ ಟೈರಿನ ಅಂಗಡಿ ಮುಂದೆ ಹಾದುಹೋದರೆ ನನಗೆ ಹಬ್ಬದ ಬೆಳಗಿನ ಹಾಗನ್ನಿಸುತ್ತದೆ.

ಅವಳಿಗೆ ಒಂದು ಆಸೆಯಿತ್ತು. ತಾನು ಕೈಯಾಡಿಸಿದ ಮೂಲೆ ಇರುವ ಕಾರನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅದರ ಬಾಗಿಲು ತೆಗೆದು ಒಮ್ಮೆ ಹಾಕಬೇಕು. ಹತ್ತಿ ಕೂರುವ ಮಾತೇ ಇಲ್ಲ.

ಯಾವ ಕಾರು ಎಂದು ಕಾರ್ಖಾನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪೆಟ್ಟಿಗೆಗಳ ಮೇಲೆ ಒಂದು ನಂಬರು, ಎಡ ಎಂಬ ಗುರುತು. ಲಾರಿ ಬಂದು ತುಂಬಿಕೊಂಡು, ದೇವನಹಳ್ಳಿ, ಹೊಸಕೋಟೆ ದಾಟಿ ಚೆನ್ನೈ ಬಂದರಿನ ಕಡೆ ಹೋಗುತ್ತಿತ್ತು. ಅಮ್ಮ ಸೂಪರ್‌ವೈಸರನ್ನು ಕೇಳಿದ್ದಳು. ಆ ಮಾತುಕತೆಯನ್ನು ಅವಳು ಮನೆಯಲ್ಲಿ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಿದ್ದಳು.

"ಇದ್ಯಾವ್ ಕಾರಿಂದು ಸಾರ್?"

"ಫಾರಿನ್ನಿಂದು ಅಕ್ಕಾ. ಡ್ರೈವರ್ ಬಾಗ್ಲಿಗೆ ಹಾಕೋದು."

"ಎಡಗಡೆ ಅಂತ ಬರ್ದೈತಲ್ಲ. ಡ್ರೈವರ್ ಕೂತ್ಕೊಳೋದು ಬಲಗಡೆ ಅಲ್ವಾ?"

"ಆ ದೇಶದಲ್ಲಿ ಎಡಗಡೆ ಕೂತ್ಕೊಂಡೇ ಓಡ್ಸೋದಂತೆ."

"ಅಯ್ಯೋ, ಹಂಗಾದ್ರೆ ಬಸ್ ಹತ್ತೋದು ಯಾವ್ ಕಡೆಯಿಂದ?"

ಈ ಕೊನೆಯ ಪ್ರಶ್ನೆಗೆ ಸೂಪರ್‌ವೈಸರ್ ಏನು ಹೇಳಿದ ಎಂಬುದು ಪ್ರತಿ ಸಲವೂ ಬದಲಾಗುತ್ತಿತ್ತು. ಪ್ರಶ್ನೆಯನ್ನೇ ಅವಳು ಆಮೇಲೆ ಸೇರಿಸಿಕೊಂಡಳೋ ಏನೋ.

ಕಾರು ಈ ದೇಶಕ್ಕೇ ಬರುವುದಿಲ್ಲ ಎಂದು ತಿಳಿದಮೇಲೆ ಅವಳ ಆಸೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸೂಪರ್‌ವೈಸರೇ ಇನ್ನೊಂದು ದಿನ ಹೇಳಿದನಂತೆ: "ಅದೇ ಕಾರನ್ನ ಬೇರೆ ಹೆಸರಿಟ್ಟು ಇಲ್ಲೂ ಮಾರ್ತಾರಂತೆ ಅಕ್ಕಾ. ಮೂತಿ ಬೇರೆ, ಹೆಸರು ಬೇರೆ, ಮೈಯೆಲ್ಲಾ ಅದೇ." ಯಾವ ಹೆಸರು ಎಂದು ಅವನಿಗೂ ಗೊತ್ತಿರಲಿಲ್ಲ. ಅಷ್ಟು ಸಾಕಾಯಿತು. ಅಂದಿನಿಂದ ಅಮ್ಮ ಮದುವೆ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಹೊರಗೆ ನಿಂತ ಕಾರುಗಳ ಬಾಗಿಲನ್ನು. ಹೊಸಕೋಟೆಯಲ್ಲಿ ಒಂದು ಛತ್ರದ ಮುಂದೆ ಡ್ರೈವರೊಬ್ಬ ಗಾಜು ಇಳಿಸಿ, "ಏನಮ್ಮಾ, ಬಸ್‌ಸ್ಟ್ಯಾಂಡಿಗೆ ಡ್ರಾಪ್ ಬೇಕಿತ್ತಾ?" ಎಂದ. "ಬೇಡಪ್ಪಾ, ನೀನು ಇಳಿದ್ರೆ ಸಾಕು, ಬಾಗ್ಲು ನೋಡ್ಬೇಕು" ಎಂದಳು. ನಾನು ಛತ್ರದ ಒಳಗೆ ಹೋಗಿಬಿಟ್ಟೆ.

ಸೂಪರ್‌ವೈಸರನ ಮಾತು ಸುಮ್ಮನೆ ಸಮಾಧಾನಕ್ಕೆ ಆಡಿದ್ದು ಎಂದೇ ಬಹಳ ಕಾಲ ನಂಬಿದ್ದೆ. ಆಮೇಲೆ ಓದಿದಾಗ ಅದರಲ್ಲಿ ಹುರುಳಿದೆ ಅನ್ನಿಸಿತು. ಒಂದು ಕಾಲಕ್ಕೆ ದೊಡ್ಡ ಕಾರು ಕಂಪನಿಗಳು ಉಕ್ಕು, ಗಾಜು ಎಲ್ಲವನ್ನೂ ತಮ್ಮ ಕಾಂಪೌಂಡಿನೊಳಗೇ ಮಾಡಿಕೊಳ್ಳಬೇಕೆಂದು ಹೊರಟಿದ್ದವು. ರಬ್ಬರಿಗಾಗಿ ಕಾಡು ಕಡಿದು ತೋಟ ಹಾಕಿಸಿದವರೂ ಇದ್ದರು. ಬೇರೆಯವರಿಂದ ಮಾಡಿಸಿಕೊಂಡರೆ ಅಗ್ಗ ಎಂಬುದು ಆಮೇಲೆ ತಿಳಿಯಿತು. ಆ ಬೇರೆಯವರು ಇನ್ನೂ ದೂರದವರಿಗೆ ದಾಟಿಸಿದರು. ಹಾಗೆ ದಾಟುತ್ತ ದಾಟುತ್ತ ಒಂದು ಮೂಲೆ ದೊಡ್ಡಬಳ್ಳಾಪುರಕ್ಕೆ, ರಾಗಿ ಹೊಲದ ಕೆಲಸ ಬಿಟ್ಟು ಕಂಪನಿ ವ್ಯಾನ್ ಹತ್ತಿದ್ದ ನನ್ನ ಅಮ್ಮನ ಮೇಜಿಗೆ ಬಂತು. ಬಾಗಿಲಿನ ಅಚ್ಚು ಮಾಡಿಸುವುದು ದೊಡ್ಡ ಖರ್ಚು, ಹೆಸರಿನ ಬಿಲ್ಲೆ ಬದಲಿಸುವುದು ಸಣ್ಣ ಖರ್ಚು. ಹಾಗಾಗಿ ಒಂದೇ ಮೈಯ ಕಾರು ನಾಲ್ಕಾರು ದೇಶಗಳಲ್ಲಿ ನಾಲ್ಕಾರು ಹೆಸರಿನಲ್ಲಿ ಓಡುವುದು ಈ ವ್ಯಾಪಾರದಲ್ಲಿ ಮಾಮೂಲು. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. "ಅದ್ನೇ ಅಲ್ವಾ ಅವ್ರು ಹೇಳಿದ್ದು, ಮೂತಿ ಬೇರೆ ಅಂತ?" ಎಂದು ಸೊಪ್ಪು ಬಿಡಿಸುತ್ತ ಕೂತಳು.

ಆಮೇಲೆ, ಅಮ್ಮನ ಮೂಲೆಗಳು ಹೋಗುತ್ತಿದ್ದ ಆ ದೇಶದ ಜನ ಎತ್ತರದ ಕಾರುಗಳ ಕಡೆ ತಿರುಗಿದರಂತೆ. ಆ ತಗ್ಗಿನ ಕಾರು ತಯಾರಾಗುವುದು ನಿಂತಿತು, ಇಲ್ಲಿ ಅದರ ಮೂಲೆಯ ಅಚ್ಚನ್ನು ಯಂತ್ರದಿಂದ ಇಳಿಸಿದರು. ಅಮ್ಮನನ್ನು ಸೈಲೆನ್ಸರ್ ನೇತುಹಾಕುವ ರಬ್ಬರ್ ಬಳೆಗಳ ಮೇಜಿಗೆ ಹಾಕಿದರು. ಆ ಬಳೆಗಳ ಕಾರು ಯಾವುದೆಂದು ಅವಳು ಕೇಳಲೂ ಇಲ್ಲ. "ನೋಡ್ಬೇಕಂದ್ರೆ ಕಾರಿನ್ ಹೊಟ್ಟೆ ಕೆಳಗೆ ಮಲ್ಕೋಬೇಕಲ್ಲೋ" ಎಂದಳು.

ಘಾಟಿಗೆ ಹೋದದ್ದು ಅದಾದ ಮೇಲೆ, ಆದರೆ ಹಳೆಯ ಮೂಲೆಗಳು ಎಲ್ಲೋ ಗೋಡೌನಿನಲ್ಲಿ ಇನ್ನೂ ಉಳಿದಿರಬಹುದಾದಷ್ಟು ಬೇಗ. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಅಥವಾ ಇತರ ವಿಷಯಗಳಿಗಿಂತ ಕಡಿಮೆ ಅನುಮಾನ. ನಾನು ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದೆ. ನನ್ನ ಹೆಸರಲ್ಲಿ ಏನೋ ಹರಕೆಯಿತ್ತು. ದರ್ಶನ ಮುಗಿಸಿ ಹೊರಗೆ ಬಂದಾಗ ಹೊಸ ಕಾರುಗಳ ಸಾಲು, ಚಕ್ರಗಳ ಕೆಳಗೆ ನಿಂಬೆಹಣ್ಣು. ಅದರಲ್ಲೊಂದು ಕುಂದಾಣದ ಕಡೆಯವರದು. ಪಂಚೆಯುಟ್ಟ ಯಜಮಾನರು, ಬೀಗದ ಕೈ ಹಿಡಿದ ಮಗ. ಒಳಗೂ ಮಂಗಳಾರತಿ ಎತ್ತಲೆಂದು ಬಾಗಿಲು ತೆರೆದಿತ್ತು. ಸ್ಟೀರಿಂಗಿನ ಮುಂದೆ ಇಟ್ಟಿದ್ದ ಬಾಳೆಹಣ್ಣಿಗೆ ಮಂಗ ನುಗ್ಗಿತು. ಓಡಿಸಲು ಹೋದರೆ ಹಣ್ಣನ್ನು ಬಾಯಲ್ಲಿ ಕಚ್ಚಿ, ಬಾಗಿಲಿನ ಚೌಕಟ್ಟಿನ ರಬ್ಬರು ಹಿಡಿದು ಜೋತಾಡಿ, ಸರ್ರನೆ ಅರ್ಧ ಕಿತ್ತುಹಾಕಿ ಅಂಗಡಿಯ ತಗಡಿನ ಮೇಲೆ ಹಾರಿತು. ರಬ್ಬರು ಹಾವಿನ ಹಾಗೆ ನೇತಾಡುತ್ತಿತ್ತು ಎಂದು ಬರೆದು ಹೊಡೆದುಹಾಕಿದೆ. ಆ ದೇವಸ್ಥಾನದ ಮುಂದೆ ಯಾವುದನ್ನು ಬೇಕಾದರೂ ಹಾವು ಅನ್ನಬಹುದು.

"ಅಯ್ಯಯ್ಯೋ, ಪೂಜೆನೇ ಮುಗಿದಿಲ್ಲ, ಆಗ್ಲೇ ಕಿತ್ತಾಕ್ಬಿಡ್ತಲ್ಲೋ!" ಯಜಮಾನರು ತಲೆಯ ಮೇಲೆ ಕೈಹೊತ್ತರು.

"ಇರಪ್ಪಾ, ಶೋರೂಮಿಗೆ ಫೋನ್ ಮಾಡ್ತೀನಿ" ಎಂದ ಮಗ.

"ಶೋರೂಮ್ನೋರು ಬಂದು ಮಂಗನ್ನ ಹಿಡೀತಾರೇನ್ಲಾ?"

ಅಮ್ಮ ಪ್ರಸಾದದ ಚೀಲವನ್ನು ನನ್ನ ಕೈಗೆ ಕೊಟ್ಟು ಮುಂದೆ ಹೋದಳು. "ಸ್ವಲ್ಪ ಜರುಗಪ್ಪಾ."

"ಅಕ್ಕಾ, ಅಕ್ಕಾ, ಹೊಸಾ ಕಾರು!"

"ಅದಕ್ಕೇ ಹೇಳ್ತಿರೋದು, ಜರುಗು."

ಮೂಲೆಯಿಂದ ಶುರುಮಾಡಿದಳು. ಮೂಲೆಯನ್ನು ಹೆಬ್ಬೆರಳಿಂದ ಒತ್ತಿ ಕೂರಿಸಿ, ಅಲ್ಲಿಂದ ಕೆಳಕ್ಕೆ ಮುಷ್ಟಿಯಿಂದ ಗುದ್ದುತ್ತ ಬಂದಳು. ಮುಗಿದ ಮೇಲೂ ಅವಳ ಹೆಬ್ಬೆರಳು ಮತ್ತೆ ಮೂಲೆಗೆ ಹೋಗಿ ಅಲ್ಲೇ ನಿಂತಿತು.

"ಒಂದ್ಸಲ ಬಾಗ್ಲು ಹಾಕ್ಲಾ?"

"ಹಾಕವ್ವಾ ತಾಯಿ, ಹತ್ತು ಸಲ ಹಾಕು" ಎಂದರು ಯಜಮಾನರು.

ಹಾಕಿದಳು. ಅಕ್ಕಿಮೂಟೆಯನ್ನು ನೆಲಕ್ಕೆ ಇಳಿಸಿದಂಥ ಮೆತ್ತನೆಯ ಸದ್ದು. ತೆಗೆದು ಇನ್ನೊಮ್ಮೆ ಹಾಕಿದಳು. ವಾಪಸು ಬಂದು ಚೀಲ ತೆಗೆದುಕೊಂಡು, "ನಮ್ದೇ ಕಣೋ" ಎಂದಳು.

"ಹೆಂಗಮ್ಮಾ ಗೊತ್ತಾಯ್ತು?"

"ನಿನ್ ಕೈಬರಹ ನಿಂಗೆ ಗೊತ್ತಾಗಲ್ವಾ?"

ಆಮೇಲೆ ಮದುವೆ ಮನೆಗಳಲ್ಲಿ ಕಾರುಗಳನ್ನು ನೋಡುವುದನ್ನು ಬಿಟ್ಟಳು.

ಈಗ ತೊಂದರೆ ಇರುವುದು ಇಲ್ಲಿ. ಅಮ್ಮ "ಜರುಗಪ್ಪಾ" ಎಂದಾಗ ಆ ಮಗ ಸ್ಟೀರಿಂಗಿನ ಸೀಟಿನಲ್ಲಿದ್ದು ಕಾಲನ್ನು ಒಳಗೆಳೆದುಕೊಂಡದ್ದು ನನ್ನ ಕಣ್ಣ ಮುಂದಿದೆ. ಹಾಗಿದ್ದರೆ ಅದು ಬಲಬಾಗಿಲು, ಅಮ್ಮನ ಮೇಜಿಗೆ ಎಂದೂ ಬಾರದ ಮೂಲೆ. ಆದರೆ ಅವಳು ರಿಪೇರಿ ಮಾಡಿದ ಬಾಗಿಲಿನಿಂದಲೇ ಯಜಮಾನರು ಪಂಚೆ ಎತ್ತಿಕೊಂಡು ಹತ್ತಿದ್ದು, ಮಗ ಬಾನೆಟ್ಟಿನ ಮುಂದಿನಿಂದ ಸುತ್ತಿಕೊಂಡು ಆಚೆ ಕಡೆಗೆ ಹೋಗಿ, ನಿಂಬೆಹಣ್ಣು ಪಚಕ್ಕೆಂದು ಒಡೆದು ಕಾರು ಮುಂದಕ್ಕೆ ಹೋದದ್ದು, ಅದೂ ಅಷ್ಟೇ ಸ್ಪಷ್ಟವಾಗಿದೆ. ಹಾಗಿದ್ದರೆ ಎಡಬಾಗಿಲು. ಎರಡರಲ್ಲಿ ಒಂದನ್ನು ನಾನೇ ಕಟ್ಟಿಕೊಂಡಿದ್ದೇನೆ. ಮೊದಲನೆಯದನ್ನು ಕಟ್ಟಿದ್ದು ನನ್ನ ಅನುಮಾನವಿರಬಹುದು, ಎರಡನೆಯದನ್ನು ಅಮ್ಮನ ಮೇಲಿನ ಪ್ರೀತಿ.

ಹೋದ ತಿಂಗಳು ಅವಳನ್ನೇ ಕೇಳಿದೆ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾಳೆ. ನಾನು ಕೊಂಡ ಹಳೆಯ ಕಾರಿನ ಬಾಗಿಲನ್ನು ಬೈಯುತ್ತಾಳೆ: ಮಳೆ ಬಂದರೆ ಸೀಟು ನೆನೆಯುತ್ತದೆ, ಮೂಲೆ ಸರಿಯಾಗಿ ಕೂತಿಲ್ಲ ಎಂದು.

"ಘಾಟಿಲಿ ಆ ಬಿಳೀ ಕಾರು..."

"ಬಿಳೀದೆಲ್ಲಿತ್ತೋ? ಕೆಂಪು ಕಾರು ಕಣೋ ಅದು."

"ಮಂಗ ಕಿತ್ತಿದ್ದು ಯಾವ್ ಕಡೆ ಬಾಗ್ಲಮ್ಮಾ?"

"ಎಡಗಡೆದೇ. ಬಲಗಡೆದಾಗಿದ್ರೆ ನಮ್ದು ಅಂತ ಹೇಳೋಕೆ ನಂಗೇನ್ ಹುಚ್ಚಾ?"

ಈ ಉತ್ತರದಿಂದ ಏನೂ ತೀರ್ಮಾನವಾಗುವುದಿಲ್ಲ. ಕಾರಿನ ಹೆಸರನ್ನಾದರೂ ನಾನು ಓದಿಕೊಳ್ಳಬಹುದಿತ್ತು. ಬಿಲ್ಲೆಯ ಮೇಲೆ ಸೇವಂತಿಗೆ ಹಾರ ಬಿದ್ದಿತ್ತು, ಅಥವಾ ನಾನು ನೋಡಲಿಲ್ಲ. ಆ ಇನ್ನೊಂದು ಹೆಸರಿನ ಕಾರು ಈ ದೇಶದಲ್ಲಿ ನಿಜವಾಗಿ ಮಾರಾಟವಾಯಿತೋ ಇಲ್ಲವೋ ಗೊತ್ತಿಲ್ಲ. ಅಮ್ಮ ಘಾಟಿಯಲ್ಲಿ ಹಾಕಿದ್ದು ತನ್ನದೇ ಬಾಗಿಲೋ, ಯಾರೋ ಬೇರೆಯವರು ಬೇರೆಲ್ಲೋ ಮಾಡಿದ ಬಾಗಿಲೋ, ಅದೂ ನನಗೆ ಗೊತ್ತಿಲ್ಲ.