ಗುಡ್ಡದ ಬಸ್ಸು, ಹಣೆ ತುಂಬ ಭಂಡಾರ

ಎಪ್ಪತ್ತರ ದಶಕದಲ್ಲಿ ನಾನು ಬಸ್ ಕಂಡಕ್ಟರ್. ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಿಡುತ್ತಿದ್ದ ಸ್ಪೆಷಲ್ ಬಸ್ಸಿಗೆ ಭಕ್ತರನ್ನಷ್ಟೇ ಹತ್ತಿಸಬೇಕು, ಗುಡ್ಡದ ತನಕ ಯಾರನ್ನೂ ಇಳಿಸಬಾರದು ಎಂದು ಮೇಲಿನವರ ಕಟ್ಟಪ್ಪಣೆ. ದಾರಿಯಲ್ಲಿ ಸಿಗುವ ಮನೋಳಿ ಊರಿನ ಆಚೆಯ ಹಳ್ಳಿಗಳಿಗೆ ಬೇರೆ ಬಸ್ಸೇ ಇರಲಿಲ್ಲ.

ಒಮ್ಮೆ ಅಂಥ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ತುಂಬು ಬಸುರಿ ಸೊಸೆಯ ಜೊತೆ ಕೈಯೆತ್ತಿದಳು. ಇಬ್ಬರ ಹಣೆ ತುಂಬ ಭಂಡಾರ, ಯಲ್ಲಮ್ಮನ ಭಕ್ತರು ಬಳಿದುಕೊಳ್ಳುವ ಅರಿಸಿನ ಪುಡಿ. "ಉಧೋ ಉಧೋ" ಎಂದು ಯಲ್ಲಮ್ಮನಿಗೆ ಜೈಕಾರ ಹಾಕುತ್ತಲೇ ಹತ್ತಿದರು. ಗುಡ್ಡಕ್ಕಿಂತ ಮೊದಲೇ ಸಿಗುವ ಸವದತ್ತಿಯ ಆಸ್ಪತ್ರೆ ಕಂಡದ್ದೇ ಮುದುಕಿ ಎದ್ದು ನಿಂತಳು.

"ನಿಲ್ಲಸ್ರಿ, ಇಳೀತೇವಿ."

"ಇಲ್ಲಿ ಸ್ಟಾಪ್ ಇಲ್ಲಬೇ ಆಯಿ. ಗುಡ್ಡಕ್ಕ ಹೊಂಟೀರಲ್ಲ?"

"ಕೂಸು ಹುಟ್ಟಲಿ, ಅದನ್ನೂ ಕರಕೊಂಡ ಹೋಗತೇವಿ. ದೇವರಿಗೆ ಹೋಗೋರಿಗೆ ಬಸ್ ಬಿಡತೀರಿ, ಬ್ಯಾನಿ ತಿನ್ನೋರಿಗೆ ಬಿಡೂದಿಲ್ಲ. ನಾವರೆ ಏನ ಮಾಡೂನ್ರಿ?"

"ನಿಲ್ಲಿಸಿದ್ರ ನೌಕರಿ ಹೋಗತೈತಿ!" ಎಂದು ಡ್ರೈವರ್ ಕೂಗಿದ.

"ಹೋದ್ರ ಹೋಗ್ಲಿ ಬಿಡೋ," ಎಂದೆ. ಗಂಟೆಯ ಹಗ್ಗ ಎರಡು ಸಲ ಎಳೆದರೆ ಬಸ್ಸು ಓಡಬೇಕು, ಒಂದು ಸಲ ಎಳೆದರೆ ನಿಲ್ಲಬೇಕು. ನಾನು ಒಂದೇ ಸಲ ಎಳೆದೆ.

ಮುಂದಿನ ಹುಣ್ಣಿಮೆಗೆ ಆ ಊರಿನ ಜ್ವರದವರು, ಕೆಮ್ಮಿನವರು, ಬಸುರಿಯರು ಎಲ್ಲರೂ ಭಂಡಾರ ಬಳಿದುಕೊಂಡು ನಿಂತಿದ್ದರು. ನಾನೂ ಹತ್ತಿಸಿದೆ, ಆಸ್ಪತ್ರೆ ಮುಂದೆಯೇ ಇಳಿಸಿದೆ. ಬಸ್ಸು ತುಂಬಿದ್ದು ಕೇಳಿ, ಆ ಭಾಗದಲ್ಲಿ ಭಕ್ತಿ ಬಹಳ ಬೆಳೆದಿದೆಯೆಂದು ಸಾಹೇಬರು ಇನ್ನೊಂದು ಸ್ಪೆಷಲ್ ಬಿಟ್ಟರು. ಹಗ್ಗ ಎಲ್ಲಿ ಒಂದೇ ಸಲ ಎಳೆಯಬೇಕೆಂದು ಅದರ ಕಂಡಕ್ಟರಿಗೂ ನಾನೇ ಹೇಳಿಕೊಟ್ಟೆ.