ಅಮ್ಮನ ಪಾಲಿನ ಪಾಪ್‌ಕಾರ್ನ್

ಮಳೆ ಬಿಡದ ಆಟಿ ತಿಂಗಳ ಮಂಗಳೂರಿನ ಗಾಳಿ ಯಾವುದನ್ನೂ ಗರಿಗರಿಯಾಗಿ ಉಳಿಯಗೊಡುವುದಿಲ್ಲ ಎಂಬುದು ನಿಮಗೂ ಗೊತ್ತಿರಬಹುದು. ಹಪ್ಪಳ, ಬಿಸ್ಕತ್ತು, ಇಸ್ತ್ರಿ ಹಾಕಿದ ಕಾಲರು, ನನ್ನಂಥವಳ ವಾದ, ಎಲ್ಲವೂ ಒಂದೆರಡು ತಾಸಿನಲ್ಲಿ ಬಾಗುತ್ತವೆ. ಆದುದರಿಂದ ಸಿನಿಮಾ ನೋಡಿ ಅರ್ಧ ಪೊಟ್ಟಣ ಪಾಪ್‌ಕಾರ್ನನ್ನು ಎದೆಗವಚಿಕೊಂಡು ಕೊಟ್ಟಾರದ ನಮ್ಮ ಮನೆಗೆ ತಂದ ಅಕ್ಕನ ಮಗಳು ಧೃತಿಗೆ, ನಾಳೆಗೆ ಇದು ಹಾಳು, ಈಗಲೇ ತಿಂದು ಮುಗಿಸು ಎಂದೆ. ಅವಳು ಕೇಳಲಿಲ್ಲ. ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಸುರಿದು, ಮುಚ್ಚಳ ಒತ್ತಿ, ಸಾಲದೆಂದು ಅದರ ಮೇಲೆ ಕೂತೂ ಬಿಟ್ಟಳು.

"ಇದು ಅಮ್ಮನ ಪಾಲು," ಎಂದಳು.

ಅಕ್ಕ ತೀರಿಕೊಂಡದ್ದು ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ. ಹೋಗುವ ಮೊದಲು ಅವಳು ಮಗಳಿಗೆ ಒಂದು ಪುಸ್ತಕಮಾಲೆಯನ್ನು ಓದಿ ಹೇಳುತ್ತಿದ್ದಳು. ನಾವಿಬ್ಬರೂ ಬಾಲ್ಯದಲ್ಲಿ ಹೊಲಿಗೆ ಸಡಿಲವಾಗುವಷ್ಟು ಓದಿದ್ದ ಹಳೆಯ ಇಂಗ್ಲಿಷ್ ಪುಸ್ತಕಗಳು. ದೀಪಸ್ತಂಭದಲ್ಲಿ ವಾಸಿಸುವ ಮೂವರು ಮಕ್ಕಳು, ದೋಣಿಯಲ್ಲಿ ಹೋದ ತಾಯಿ, ಪ್ರತಿ ಸಂಜೆ ಅವಳಿಗಾಗಿ ಹಚ್ಚುವ ದೀಪ. ಕೊನೆಯ ಪುಸ್ತಕದಲ್ಲಿ ತಾಯಿ ಬರುವುದಿಲ್ಲ. ಇನ್ನು ಬರಲಾರಳೆಂದು ತಿಳಿದ ಮಕ್ಕಳು ಅಂದೂ ದೀಪ ಹಚ್ಚುತ್ತಾರೆ, ಬೇರೆಯವರ ದೋಣಿಗಳಿಗಾಗಿ. ಅಕ್ಕನ ಓದು ಆ ಪುಸ್ತಕವನ್ನು ಮುಟ್ಟಲಿಲ್ಲ.

ಈಗ ಅದೇ ಕಥೆ ಸಿನಿಮಾ ಆಗಿದೆ. ಕುಟುಂಬಸಮೇತ ನೋಡಬೇಕಾದ ಚಿತ್ರವಂತೆ. ಕುಟುಂಬದಲ್ಲಿ ಒಬ್ಬರು ಕಡಿಮೆಯಾದವರು ಹೇಗೆ ನೋಡಬೇಕೆಂದು ಪೋಸ್ಟರಿನಲ್ಲಿ ಬರೆದಿರಲಿಲ್ಲ. ಕಡೆಯ ದೃಶ್ಯದಲ್ಲಿ ದೀಪಸ್ತಂಭದ ಬಾಗಿಲು ತೆರೆಯುತ್ತದೆ, ತೊಯ್ದ ತಾಯಿ ನಗುತ್ತ ನಿಂತಿದ್ದಾಳೆ, ಪಿಟೀಲುಗಳು ಉಕ್ಕುತ್ತವೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ನಾಲಿಗೆ ಕತ್ತಲಲ್ಲೇ ತುರಿಸತೊಡಗಿತು: ಮಕ್ಕಳಿಗೆ ಸಾವು ಬೇಡ ಎನ್ನುವ ಮಹನೀಯರೇ, ಸಾವಿಗೆ ಮಕ್ಕಳು ಬೇಡವೆಂದು ಅದನ್ನೂ ಒಪ್ಪಿಸಿದ್ದೀರಾ? ಧೃತಿ ಚಪ್ಪಾಳೆ ತಟ್ಟಲಿಲ್ಲ. ಬಾಯಿಗೊಯ್ಯುತ್ತಿದ್ದ ಪಾಪ್‌ಕಾರ್ನನ್ನು ಮರಳಿ ಪೊಟ್ಟಣಕ್ಕೆ ಹಾಕಿದಳು.

ಮರುದಿನ ನಮ್ಮಲ್ಲಿ ಅಗೆಲು. ಆಟಿಯಲ್ಲಿ ಸತ್ತವರಿಗೆಂದು ಅವರಿಗೆ ಪ್ರಿಯವಾದ ಅಡುಗೆಯನ್ನು ಒಳಕೋಣೆಯಲ್ಲಿ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಕಾಯುತ್ತೇವೆ. ತೆರೆಯುವ ಮೊದಲು ಒಮ್ಮೆ ಕೆಮ್ಮಬೇಕು, ಉಣ್ಣುತ್ತಿರುವವರಿಗೆ ಏಳಲು ಹೊತ್ತು ಬೇಕಲ್ಲ. ಈ ಕೆಮ್ಮನ್ನು ಗೇಲಿ ಮಾಡುತ್ತಲೇ ನಾನು ಬೆಳೆದವಳು. ಸಾಕ್ಷ್ಯ ಒಳಗೇ ಇರುವಾಗ ತೆರೆದು ನೋಡಿದರೆ ಮುಗಿಯಿತಲ್ಲ ಎಂದರೆ ನನ್ನ ಅಮ್ಮ, "ನಿನ್ನ ಬಾಯಿಗೆ ಕೋರ್ಟೇ ಸರಿ ಮಾರಾಯ್ತಿ," ಎನ್ನುತ್ತಿದ್ದಳು.

ಈ ಸಲ ಅಮ್ಮ ಅಕ್ಕನಿಗೆಂದು ಕೋರಿರೊಟ್ಟಿ ಬಡಿಸಿ ಕೋಳಿಸಾರು ಹೊಯ್ದಳು, ಹುರಿದ ಬಂಗುಡೆ ಮೀನು ಇಟ್ಟಳು. ಧೃತಿ ಡಬ್ಬ ತೆರೆದು ಎಲೆಯ ಅಂಚಿನಲ್ಲಿ ಪಾಪ್‌ಕಾರ್ನ್ ಸುರಿದಳು.

"ಇದೆಂತ ಮಗಾ?"

"ಅಮ್ಮನಿಗೆ, ಅಜ್ಜಿ."

ಬಾಗಿಲು ಮುಚ್ಚಿತು. ಮುಚ್ಚಿದ್ದೇ ತಡ ಧೃತಿ ಚಿಲಕಕ್ಕೆ ಕೈಹಾಕಿದಳು. "ತೆಗೆಯುವಾ."

"ಅಯ್ಯೋ, ಅವ್ರು ಊಟ ಮಾಡುವಾಗ ನೋಡ್ಲಿಕ್ಕಿಲ್ಲ!" ಅಮ್ಮ ಅವಳ ಕೈ ಹಿಡಿದಳು.

"ಪಿಕ್ಚರಲ್ಲಿ ಬಾಗಿಲು ತೆಗೆದ ಕೂಡಲೇ ಅಮ್ಮ ಇದ್ರಲ್ಲ? ಚಿಕ್ಕಮ್ಮ, ತೆಗೆದು ನೋಡ್ಬೇಕು ಅಂತ ನೀವೇ ಹೇಳುದಲ್ವಾ?"

ನನ್ನದೇ ವಾದ, ಹಾಲುಹಲ್ಲು ಬಿದ್ದ ಬಾಯಿಂದ. ಸತ್ಯ ನನ್ನ ಪಕ್ಷದಲ್ಲಿತ್ತು, ಒಂದು ಹಲಗೆಯಷ್ಟು ದೂರದಲ್ಲಿ. ಚಿಲಕ ಸರಿಸಿದ್ದರೆ ಜಯ ನನ್ನದೇ. ಆದರೆ ಆ ಜಯ ಯಾರಿಗೆ ಬೇಕಿತ್ತು, ಹೇಳಿ? ನಾನು ಬಾಗಿಲಿಗೆ ಬೆನ್ನುಕೊಟ್ಟು ನಿಂತೆ. ಎಲೆಯ ಮುಂದೆ ಯಾರೂ ಇಲ್ಲವೆಂದು ನನ್ನಷ್ಟು ಖಚಿತವಾಗಿ ಆ ಮನೆಯಲ್ಲಿ ಬಲ್ಲವರಿರಲಿಲ್ಲ. ಬಹುಶಃ ಅದಕ್ಕೇ ಅಷ್ಟು ಹೊತ್ತು ನಿಂತೆ. ಆಮೇಲೆ ಕೆಮ್ಮಿದೆ. ಬರಿಸಿಕೊಂಡ ಕೆಮ್ಮು. ಅಮ್ಮ ನನ್ನನ್ನು ನೋಡಿದಳು, ಚಿಲಕ ಸರಿಸಿದಳು.

ತೆರೆದಾಗ ದೀಪ ಉರಿಯುತ್ತಿತ್ತು, ಸಾರಿನ ಮೇಲೆ ಕೆನೆ ಕಟ್ಟಿತ್ತು. ಧೃತಿ ಬಾಗಿಲ ಹಿಂದೆ ನೋಡಿದಳು, ಅಕ್ಕಿಯ ಡ್ರಮ್ಮಿನ ಹಿಂದೆ ನೋಡಿದಳು. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಪಾಪ್‌ಕಾರ್ನ್ ಮುಟ್ಲೇ ಇಲ್ಲ."

"ಮೆತ್ತಗಾಗಿದೆ, ಅದಕ್ಕೆ. ನಿನ್ನ ಅಮ್ಮನಿಗೆ ಮೆತ್ತಗಾದ್ರೆ ಆಗುದಿಲ್ಲ," ಎಂದೆ.

ಅಕ್ಕನಿಗೆ ಮೆತ್ತಗಿನದು ಆಗದಿದ್ದುದು ನಿಜ. ಆಟಿಯ ಗಾಳಿಯೂ ನಿಜ. ಎರಡು ನಿಜಗಳ ನಡುವೆ ಇಷ್ಟು ನಾಜೂಕಾಗಿ ಒಂದು ಸುಳ್ಳನ್ನು ಕೂರಿಸಬಹುದೆಂದು ನನಗೆ ಯಾವ ವೇದಿಕೆಯೂ ಕಲಿಸಿರಲಿಲ್ಲ. ಆ ಸಿನಿಮಾದವರನ್ನು ಇನ್ನು ಯಾವ ಬಾಯಿಂದ ಬಯ್ಯಲಿ?

ಧೃತಿ ಒಂದು ಕಾಳನ್ನೆತ್ತಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಇನ್ನೊಂದನ್ನು ನನ್ನ ಅಂಗೈಯಲ್ಲಿಟ್ಟಳು.

"ಮೆತ್ತಗಾಗ್ಲಿಲ್ಲ, ಚಿಕ್ಕಮ್ಮ."

ಕಚ್ಚಿದೆ. ಅಷ್ಟು ಭದ್ರವಾಗಿ ಮುಚ್ಚಿಟ್ಟಿದ್ದಳು ಮಗು. ಆ ಸದ್ದಿಲ್ಲದ ಕೋಣೆಯಲ್ಲಿ ಅದು ಗರಿಗರಿಯಾಗಿಯೇ ಮುರಿಯಿತು.