ಒಬ್ಬ ಬಡಿಗನಿಗೆ ನಾಲ್ಕು ಹೆಸರು

ಭಾಲ್ಕಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಮಕ್ಕಳ ನಿಬಂಧದಲ್ಲಿ ಒಂದೇ ಶಬ್ದ ಎರಡನೆಯ ಸಲ ಬಂದರೆ ಕೆಂಪು ಗೆರೆ ಎಳೆಯುತ್ತಿದ್ದೆ. ನಿವೃತ್ತಳಾಗಿ ಬೀದರಿನ ಮೈಲೂರಿನಲ್ಲಿ ಮನೆ ಮಾಡಿದ ಮೇಲೂ ನನ್ನ ದಿನಚರಿ ಬದಲಾಗಲಿಲ್ಲ. ಐದಕ್ಕೆ ಏಳುವುದು, ಸ್ನಾನ, ಲಿಂಗಪೂಜೆ, ಚಹಾ. ಆಮೇಲೆ ಡಿಕ್ಷನರಿಯಿಂದ ಐದು ಶಬ್ದ ಆರಿಸಿ, ಅವುಗಳ ಸಮಾನಾರ್ಥಕ ಶಬ್ದಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು.

ಹೀಗೆ ಬರೆಯುತ್ತಿದ್ದಾಗಲೇ ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ನಲವತ್ತು ದಾಟಿದವನು, ಔರಾದಿನಲ್ಲಿ ಬಡಿಗತನ ಮಾಡುತ್ತಾನೆ.

"ಅಕ್ಕೋರ, ಒಂದ್ ಕಾಗದ ಬರದ್ ಕೊಡ್ರಿ. ಇಂಗ್ಲಿಷಿನಾಗ ಬೇಕಂತ."

ಊರಿಗೆ ರೆಡಿಮೇಡ್ ಬಾಗಿಲು ಬಂದ ಮೇಲೆ ಅವನ ಕೈಗೆ ಕೆಲಸ ಕಡಿಮೆಯಾಗಿತ್ತು. ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ, ಯಂತ್ರದ ಭಾಗಗಳನ್ನು ತುಂಬಿ ಕಳಿಸುವ ಕಟ್ಟಿಗೆಯ ಪೆಟ್ಟಿಗೆ ಮಾಡಲು ಜನ ಬೇಕಾಗಿದ್ದರು. ಖಾಯಂ ಕೆಲಸ. ಏನೇನು ಮಾಡಿದ್ದಾನೆ ಎಂದು ಒಂದು ಪುಟ ಬರೆಸಿಕೊಂಡು ಹೋಗಬೇಕು.

ನಾನು ಹುರುಪಿನಿಂದ ಬರೆದೆ. ಮೊದಲ ಸಾಲಿನಲ್ಲಿ ಅವನು ಕಾರ್ಪೆಂಟರ್. ಎರಡನೆಯ ಸಾಲಿಗೆ ಅದೇ ಶಬ್ದ ಹಾಕಲು ಕೈ ಒಪ್ಪಲಿಲ್ಲ, ಜಾಯ್ನರ್ ಎಂದೆ. ಮುಂದೆ ವುಡ್‌ವರ್ಕರ್. ಕೊನೆಗೆ ಕ್ಯಾಬಿನೆಟ್ ಮೇಕರ್. ಮತ್ತೊಮ್ಮೆ ಓದಿ ನೋಡಿದೆ, ಒಂದು ಶಬ್ದವೂ ಮರಳಿ ಬಂದಿರಲಿಲ್ಲ. ತೃಪ್ತಿಯಾಯಿತು.

ಮಧ್ಯಾಹ್ನ ಅವನು ಅದೇ ಕಾಗದ ಹಿಡಿದುಕೊಂಡು ಮರಳಿದ. ಮುಖ ಸಣ್ಣದಾಗಿತ್ತು.

"ಏನಾಯ್ತೋ?"

"ಸೂಪರ್‌ವೈಜರ್ ಕೇಳ್ದಾರಿ, ನೀ ಜಾಯ್ನರ್ ಅದಿ ಏನು ಅಂತ. ಅಲ್ರಿ ಅಂದೆ. ಕ್ಯಾಬಿನೆಟ್ ಅಂತ ಏನೋ ಕೇಳ್ದಾ, ಅದೂ ಅಲ್ರಿ, ನಾ ಬಡಿಗ್ಯಾ ಅಂದೆ. ಯಾರದೋ ಕಾಗದ ತಂದಿ ನಡಿ ಅಂದಾ."

"ಹೌದು ಅನ್ನಬೇಕಿತ್ತು!"

"ಗೊತ್ತಿಲ್ಲದ್ದಕ್ಕ ಹೌದು ಹ್ಯಾಂಗ ಅನ್ಲಿರಿ? ಸುಳ್ಳ ಹೇಳಿದ್ರ ಸಾಲ್ಯಾಗ ನೀವೇ ಬೆಂಚಿನ ಮ್ಯಾಲ ನಿಲ್ಲಸ್ತಿದ್ರಿ."

ಸಂಜೆಯೊಳಗೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಕುಳಿತು ಹೊಸ ಹಾಳೆಯಲ್ಲಿ ಬರೆದೆ. ಬಾಗಿಲು, ಕಿಟಕಿ, ಎತ್ತಿನ ಬಂಡಿ, ಸಾಯಗಾಂವದ ಸಾಲೆಯ ಬೆಂಚು, ಅವನು ಮಾಡಿದ್ದೆಲ್ಲ ಬಂತು. ಪ್ರತಿ ಸಾಲಿನಲ್ಲೂ ಕಾರ್ಪೆಂಟರ್. ಐದನೆಯ ಸಲ ಬರೆಯುವಾಗ ಕೈ ತಾನಾಗಿ ನಿಂತಿತು. ಬಲವಂತದಿಂದ ಮುಂದಕ್ಕೆ ಓಡಿಸಿದೆ. ಆಮೇಲೆ ಸೆರಗು ಸರಿಮಾಡಿಕೊಂಡು ನಾನೂ ಅವನ ಜೊತೆ ಆಟೋ ಹತ್ತಿದೆ.

ಸೂಪರ್‌ವೈಜರ್ ನನ್ನ ಮಗನ ವಯಸ್ಸಿನವನು. ಎರಡೂ ಕಾಗದ ಮಗ್ಗುಲಿಗೆ ಮಗ್ಗುಲು ಇಟ್ಟು ನೋಡಿದ.

"ಅರೆ, ಯಾವ್ದು ಖರೇರಿ ಇದ್ರಾಗ?"

"ಎರಡೂ ಇವನದ್ದೇ. ಮೊದಲಿನದ್ರಾಗ ತಪ್ಪು ನಂದು" ಎಂದೆ. ಈ ಮಾತನ್ನು ಇಂಗ್ಲಿಷಿನ ವಿಷಯದಲ್ಲಿ ನಾನು ಯಾರ ಮುಂದೆಯೂ ಆಡಿದವಳಲ್ಲ. "ಒಂದೇ ಕಸುಬಿಗೆ ನಾಲ್ಕು ಹೆಸರು ಹಾಕ್ದೆ. ಛಂದ ಕಾಣ್ಲಿ ಅಂತ."

"ಛಂದ ತಗೊಂಡ್ ಏನ್ ಮಾಡ್ಲಿರಿ ಅಕ್ಕೋರ? ನಾಲ್ಕು ಮಂದೀದು ಒಂದ್ರಾಗ ಬರದಂಗ ಕಾಣ್ತದ" ಎಂದು ಅವನು ನಕ್ಕ. ಎರಡು ಹಲಗೆ ಎತ್ತಿ ನನ್ನ ವಿದ್ಯಾರ್ಥಿಯ ಕಡೆ ಸರಿಸಿದ. "ಮೂಲಿ ಜೋಡಿಸಿ ತೋರ್ಸು."

ಬಡಿಗ ಚೀಲದಿಂದ ತನ್ನದೇ ಉಳಿ, ಗರಗಸ ತೆಗೆದ. ನೆಲದಲ್ಲಿ ಕುಳಿತು ಪಾದದಿಂದ ಹಲಗೆ ಒತ್ತಿ ಹಿಡಿದ. ಅರ್ಧ ತಾಸು ಕೊಯ್ದ, ಕೆತ್ತಿದ. ಮೊಳೆ ಹೊಡೆಯದೆಯೇ ಎರಡು ಹಲಗೆ ಒಂದರೊಳಗೊಂದು ಕೂತವು. ಸೂಪರ್‌ವೈಜರ್ ಮೂಲೆ ಹಿಡಿದು ಎತ್ತಿದ, ಜಗ್ಗಿದ, ನೆಲಕ್ಕೆ ಕುಟ್ಟಿದ. ಸಡಿಲಾಗಲಿಲ್ಲ.

"ಸೋಮವಾರ ಎಂಟಕ್ಕ ಬಾ" ಎಂದು ರಿಜಿಸ್ಟರ್ ತೆರೆದ. ನಂತರ ಪೆನ್ನು ಎತ್ತಿ ನನ್ನ ಕಡೆ ನೋಡಿದ. "ಇದ್ರಾಗ ಇವನ ಕಸಬು ಏನಂತ ಬರೀಲಿರಿ ಅಕ್ಕೋರ?"

ನಾನು ನನ್ನ ವಿದ್ಯಾರ್ಥಿಯ ಕಡೆ ಕೈ ತೋರಿಸಿದೆ.

"ಕಾರ್ಪೆಂಟರ್ ಬರೀರಿ" ಎಂದ ಬಡಿಗ, ಪ್ಯಾಂಟಿಗೆ ಹತ್ತಿದ ಕಟ್ಟಿಗೆಪುಡಿ ಕೊಡವುತ್ತಾ. "ಒಂದೇ ಸಾಕ್ರಿ."